ದೀಪದ ಎಣ್ಣೆ ಕುಡಿದ ಜೀಪು

ಎಂಬತ್ತನಾಲ್ಕರ ಶ್ರಾವಣ. ತಿಳವಳ್ಳಿಯಿಂದ ಹಾನಗಲ್ಲಿಗೆ ಜನ ಸಾಗಿಸುವ ಉಡಚಪ್ಪನ ಹಳೆ ಡೀಸೆಲ್ ಜೀಪು ಆರ್‌ಟಿಓ ಕಚೇರಿಯ ಪಾಸಿಂಗಿನಲ್ಲಿ ಫೇಲಾಯಿತು. ಅಲ್ಲಿಯ ಸಾಹೇಬರು ಸೈಲೆನ್ಸರಿನ ಬಾಯಿಗೆ ಬಿಳಿ ಅರಿವೆ ಹಿಡಿದರಂತೆ. ಅದು ಹಂಚಿನ ತಳದಂತೆ ಕಪ್ಪಾಯಿತಂತೆ. ಸೋಮವಾರ ಮತ್ತೊಮ್ಮೆ ತೋರಿಸಬೇಕು. ಆಗಲೂ ಅದೇ ಹೊಗೆಯಾದರೆ ಜೀಪು ರಸ್ತೆಗಿಳಿಯುವಂತಿಲ್ಲ. ಅವನಿಗೆ ಇದ್ದದ್ದು ಅದೊಂದೇ ದುಡಿಮೆ.

ನಾನು ಊರ ದ್ಯಾಮವ್ವನ ಗುಡಿಯ ಪೂಜಾರಿ. ಶನಿವಾರ ಉಡಚಪ್ಪ ನನ್ನನ್ನೂ ಮೆಕ್ಯಾನಿಕ್ ಬಾಬಾಜಾನನ ಗ್ಯಾರೇಜಿಗೆ ಎಳೆದೊಯ್ದ. "ಯಾರದೋ ದೃಷ್ಟಿ ತಾಗೇತ್ರಿ ಪೂಜಾರ್ರ. ಗಾಡಿಗೆ ಗುಡಿಯ ಅಂಗಾರ ಹಚ್ಚರಿ."

ಬಾಬಾಜಾನ ಪಂಪು ನೋಡಿದ, ನಾಜಲ್ ಬಿಚ್ಚಿ ನೋಡಿದ. ಎರಡೂ ಸರಿಯಿದ್ದವು. "ಇಂಜಿನ್ನಿಗೆ ಉಸರ ಹತ್ತವಲ್ದು. ಗಾಳಿ ಹೋಗೋ ಡಬ್ಬಿ ಬಿಚ್ಚತೇನಿ."

ಉಡಚಪ್ಪ ಅಡ್ಡ ನಿಂತ. "ಅದೊಂದು ಬ್ಯಾಡ ಕಾಕಾ. ಅದರಾಗ ದೇವಿ ಎಣ್ಣಿ ಐತಿ."

ಧೂಳು ಹಿಡಿಯಲೆಂದು ಆ ಡಬ್ಬಿಯ ತಳದಲ್ಲಿ ಇಂಜಿನ್ ಎಣ್ಣೆ ಇರಬೇಕಂತೆ. ಉಡಚಪ್ಪ ಮೂರು ವರ್ಷದಿಂದ ಅಮಾವಾಸ್ಯೆಗೊಮ್ಮೆ ಗುಡಿಯ ಹಣತೆಗಳಲ್ಲಿ ಉಳಿದ ಕುಸುಬಿ ಎಣ್ಣೆಯನ್ನು ಅದಕ್ಕೆ ಸುರಿಯುತ್ತಿದ್ದ. ತಂಬಿಗೆ ತುಂಬಿ ಕೊಡುತ್ತಿದ್ದವನು ನಾನೇ. ಮನೆಯ ದೀಪಕ್ಕೆ ಒಯ್ಯುತ್ತಾನೆ ಅಂದುಕೊಂಡಿದ್ದೆ.

"ಅದಕ್ಕ ಮೂರು ವರ್ಷ ನನಗ ಮುಟ್ಟಗೊಡಲಿಲ್ಲೇನ, ಹುಂಬ!" ಬಾಬಾಜಾನ ಡಬ್ಬಿಯ ನಟ್ಟಿಗೆ ಪಾನಾ ಹಾಕಿದ. "ಪೂಜಾರ್ರ, ಮೂಗು ಮುಚ್ಚಿಕೊಳ್ರಿ."

ಮುಚ್ಚಿಕೊಳ್ಳುವುದರೊಳಗೆ ನಾತ ಹೊಡೆಯಿತು. ಎಣ್ಣೆ ಕಮಟಿ, ಅಂಟಿನಂತೆ ಗಟ್ಟಿಯಾಗಿ, ಎಳೆ ಎಳೆಯಾಗಿ ಜೋತುಬಿತ್ತು. ಅದರಲ್ಲಿ ಸುಟ್ಟ ಬತ್ತಿ, ಕೊಳೆತ ಸೇವಂತಿಗೆ ಎಸಳು, ಕಾಲು ಮೇಲಾದ ಜಿರಲೆಗಳು, ಒಂದು ಹಲ್ಲಿಯ ಬಾಲ. ಮೇಲಿನ ಜಾಳಿಗೆಯಲ್ಲಿ ಗಾಳಿಯಾಡಲು ಒಂದು ಕಿಂಡಿಯೂ ಉಳಿದಿರಲಿಲ್ಲ. ಬೆಳಿಗ್ಗೆ ಗುಡಿಯಲ್ಲಿ ಇದೇ ಎಣ್ಣೆಯ ಬೆಳಕಿನಲ್ಲಿ ಅವ್ವನ ಮುಖ ನೋಡಿ ಕೈ ಮುಗಿದಿದ್ದೆ.

"ಚೆಲ್ಲಬ್ಯಾಡ ಕಾಕಾ, ದೇವಿದು," ಎಂದು ಉಡಚಪ್ಪ ಕೈಯೊಡ್ಡಿದ.

"ಹಂಗಾರ ನೀ ಕುಡಿ."

ನಾನು ಡಬ್ಬಿ ಕಸಿದುಕೊಂಡೆ. "ದೇವಿದಲ್ಲೋ ಇದು. ನಾ ಮಾಡಿದ ಹೊಲಸು." ತಿಪ್ಪೆಗೆ ಒಯ್ದು ಸುರಿದೆ.

ಬಾಬಾಜಾನ ಜಾಳಿಗೆಯನ್ನು ಡೀಸೆಲ್ಲಿನಲ್ಲಿ ಮೂರು ಸಲ ತೊಳೆದು, ಹೊಸ ಇಂಜಿನ್ ಎಣ್ಣೆಯನ್ನು ಡಬ್ಬಿಯೊಳಗಿನ ಗೀಟಿನ ಮಟ್ಟಕ್ಕಷ್ಟೇ ಹಾಕಿದ. ಜೀಪು ಒಂದು ಗುಕ್ಕು ಹೊಗೆ ಉಗುಳಿ ಸಮಾಧಾನವಾಯಿತು. ನನ್ನ ಬಿಳಿ ಟವೆಲ್ ಸೈಲೆನ್ಸರಿಗೆ ಹಿಡಿದು ನೋಡಿದ: ತಿಳಿ ಬೂದಿ ಬಣ್ಣ, ಅಷ್ಟೇ.

ಸೋಮವಾರ ಪಾಸಾಯಿತು. ಸಂಜೆ ಉಡಚಪ್ಪ ಕಾಯಿ ಹಿಡಿದು ಗುಡಿಗೆ ಬಂದ. "ಅವ್ವ ಕೈ ಬಿಡಲಿಲ್ಲ ನೋಡ್ರಿ." ಬಗಲಲ್ಲಿ ಅದೇ ತಂಬಿಗೆ. "ಬರೋ ಐತವಾರ ಅಮಾಸಿ ಅಲ್ಲರಿ..."

ನಾನು ಕೈ ಮೂಸಿ ನೋಡಿಕೊಂಡೆ. ಎಷ್ಟು ತೊಳೆದರೂ ಆ ನಾತ ಹೋಗಿರಲಿಲ್ಲ. ತಂಬಿಗೆ ಇಸಿದುಕೊಂಡು ಬೋರಲು ಹಾಕಿದೆ.

"ಕಾಯಿ ಬಾಬಾಜಾನಗ ಒಯ್ದು ಕೊಡು," ಎಂದೆ. ಅವನು ಹೋದಮೇಲೆ ಹಣತೆಗಳನ್ನು ಮುಂದಿಟ್ಟುಕೊಂಡು, ತಳಕ್ಕೆ ಮೆತ್ತಿದ ಜಿಡ್ಡನ್ನು ಉಗುರಿನಿಂದ ಕೆರೆಯುತ್ತ ಕೂತೆ.