ಕಡಲ ಬದಿಯ ಏಳನೇ ಕೋಣೆ

ಮೆಲ್ಕಾರಿನ ಟ್ರಾವೆಲ್ಸ್ ಆಫೀಸಿನಲ್ಲಿ ಆಫ್ರಾ ಕಂಪ್ಯೂಟರನ್ನು ಕುಸುಮಳ ಕಡೆ ತಿರುಗಿಸಿ ಒಂದರ ಹಿಂದೊಂದು ರೆಸಾರ್ಟ್ ತೋರಿಸುತ್ತಿದ್ದಳು. ಎಲ್ಲವೂ ಕೆರಿಬಿಯನ್ ಕಡಲಿನ ಸೇಂಟ್ ಲೂಸಿಯಾ ದ್ವೀಪದವು. ಒಂದರಲ್ಲಿ ಕೋಣೆಗೊಂದು ಈಜುಕೊಳ. ಇನ್ನೊಂದರಲ್ಲಿ ಮಲಗಿದಲ್ಲಿಂದಲೇ ಕಡಲು ಕಾಣುವ ಗಾಜಿನ ಗೋಡೆ.

"ಅಮ್ಮ, ಇದೇ ಇರಲಿ. ಒಮ್ಮೆಯಾದರೂ ರಾಣಿಯ ಹಾಗೆ ಇದ್ದು ಬರುವ," ಎಂದಳು ಮಗಳು ಅಕ್ಷಿತಾ. ದುಬಾಯಿಯಿಂದ ರಜೆಗೆ ಬಂದಿದ್ದಳು.

ಕಕ್ಕಿಂಜೆ ಬಿಟ್ಟು ಎಲ್ಲಿಗೂ ಹೊರಡದ ಕುಸುಮ ಈ ದ್ವೀಪಕ್ಕೆ ಮಾತ್ರ ಒಪ್ಪಿದ್ದಳು. ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡ ಶಂಭು ಹತ್ತು ವರ್ಷದ ಹಿಂದೆ ಅಲ್ಲಿಯ ಕಡಲಿಗೆ ಬಿದ್ದು ಕಾಣೆಯಾಗಿದ್ದ. ಹೆಣವೂ ಸಿಗಲಿಲ್ಲ.

"ಆಂಟಿ, ಈ ಮೂರನೇದು ಹಳೇದು. ಆದ್ರೆ ಕಡಲಿಗೆ ತಾಗಿಯೇ ಉಂಟು. ಹೋಗಿ ಬಂದವರು ಬರೆದದ್ದು ಓದ್ತೇನೆ, ನಿಲ್ಲಿ," ಎಂದು ಆಫ್ರಾ ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದಳು. "ಊಟ ಒಳ್ಳೇದುಂಟು. ಏಳನೇ ಕೋಣೆಯಲ್ಲಿ ಮಾತ್ರ ಮುಸ್ಸಂಜೆಗೆ ಯಾರೋ ಬಾಗಿಲು ಬಡಿಯುತ್ತಾರೆ. ತೆಗೆದರೆ ಯಾರೂ ಇಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳ್ತಾರೆ…"

ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಏನು ಹೇಳ್ತಾರಂತೆ?" ಅಕ್ಷಿತಾ ಕೇಳಿದಳು.

ಆಫ್ರಾ ಅಕ್ಷರ ಕೂಡಿಸಿ ಓದಿದಳು. "ಬಾಕಿಲ್ ದೆಪ್ಪು."

ಬಾಗಿಲು ತೆಗಿ. ಅಚ್ಚ ತುಳು. ಬರೆದವಳು ಕೆನಡಾದ ಹೆಂಗಸು. ಅದಕ್ಕೂ ಎರಡು ವರ್ಷ ಮೊದಲು ಜರ್ಮನಿಯವನೊಬ್ಬ ಅದೇ ಮಾತನ್ನು ತಪ್ಪುತಪ್ಪಾಗಿ ಬರೆದಿದ್ದ.

"ನಮ್ಮೂರಿನ ಯಾವನೋ ವೈಟರ್ ತಮಾಷೆ ಮಾಡಿದ್ದು ಮಾರಾಯ್ತಿ. ಬೇರೆ ತೋರಿಸು," ಎಂದು ಅಕ್ಷಿತಾ ನಕ್ಕಳು. ಆಫ್ರಾ ನಗಲಿಲ್ಲ.

"ಬೇರೆ ಬೇಡ," ಎಂದಳು ಕುಸುಮ. "ಅದೇ ಆಗಬೇಕು. ಅದೇ ಕೋಣೆ."

ಯಾಕೆಂದು ಹೇಳಲಿಲ್ಲ. ಯಾರಿಗೂ ಹೇಳಿದವಳಲ್ಲ. ಕೊನೆಯ ಸಲ ಹಡಗಿಗೆ ಹೊರಡುವ ಹಿಂದಿನ ಸಂಜೆ ಶಂಭು ಕುಡಿದು ಬಂದಿದ್ದ. ಅಕ್ಷಿತಾ ಆಗ ಹಾಸ್ಟೆಲಿನಲ್ಲಿದ್ದಳು. ಕುಸುಮ ಒಳಗಿನಿಂದ ಚಿಲಕ ಹಾಕಿ ಕುಳಿತುಬಿಟ್ಟಳು. ಅವನು ಬೈಯಲಿಲ್ಲ, ಕೂಗಲಿಲ್ಲ. ಮೆಲ್ಲಗೆ ಮೂರು ಸಲ ತಟ್ಟಿ ಆ ಎರಡೇ ಶಬ್ದ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ. ಬೆಳಿಗ್ಗೆ ಅವಳು ಬಾಗಿಲು ತೆರೆದಾಗ ಜಗಲಿಯಲ್ಲಿ ಕಟ್ಟಿಟ್ಟಿದ್ದ ಪೆಟ್ಟಿಗೆ ಇರಲಿಲ್ಲ. ಅವನೂ ಇರಲಿಲ್ಲ.

ಮುಂದಿನ ತಿಂಗಳು ತಾಯಿ ಮಗಳು ಹೋದರು. ಏಳನೇದು ದಿಂಬಿನ ಮೇಲೆ ಹೂವಿಟ್ಟಿದ್ದ ದೊಡ್ಡ ಕೋಣೆ. ಅಕ್ಷಿತಾಳದ್ದು ಪಕ್ಕದ್ದು. ಕುಸುಮ ಪ್ರತಿ ಸಂಜೆ ಬಾಗಿಲನ್ನು ಹಾರುಹೊಡೆದು, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಳು. ನಾಲ್ಕು ದಿನ ಯಾರೂ ಬರಲಿಲ್ಲ, ಏನೂ ಕೇಳಿಸಲಿಲ್ಲ.

"ನೋಡಿದೆಯಾ? ನಾಳೆ ದೋಣಿಯಲ್ಲಿ ತಿರುಗಾಡಿ ಬರುವ," ಎಂದಳು ಅಕ್ಷಿತಾ.

ಐದನೆಯ ದಿನ ಕುಸುಮಳಿಗೆ ಹೊಳೆಯಿತು. ತೆರೆದಿಟ್ಟ ಬಾಗಿಲನ್ನು ಯಾರು ತಟ್ಟುತ್ತಾರೆ? ಮಗಳನ್ನು ಊಟಕ್ಕೆ ಕಳಿಸಿದಳು. ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಅಲ್ಲಿ ಕತ್ತಲೆ ಬೇಗ ಇಳಿಯುತ್ತಿತ್ತು.

ಮೂರು ಸಲ, ಮೆಲ್ಲಗೆ.

"ಬಾಕಿಲ್ ದೆಪ್ಪು."

ಅವಸರದಲ್ಲಿ ಚಿಲಕ ಕೈಯಿಂದ ಜಾರಿತು. ತೆಗೆಯುವಷ್ಟರಲ್ಲಿ ಹೋಗಿಬಿಟ್ಟರೆ ಎಂದು ಅವಳು ಅದನ್ನು ಮತ್ತೆ ಹಿಡಿದಳು. ಮತ್ತೊಮ್ಮೆ ಅದೇ ದನಿ. ಎರಡೂ ಕೈಯಿಂದ ಎಳೆದು ತೆರೆದಳು. ಹೊರಗೆ ದೀಪ ಹೊತ್ತಿಸಿದ ಖಾಲಿ ಹಾದಿ, ಅದರಾಚೆ ಕಡಲು. ಅವಳು ಯಾರನ್ನೂ ಹುಡುಕಲಿಲ್ಲ. ಒಂದು ಹೆಜ್ಜೆ ಬದಿಗೆ ಸರಿದು ದಾರಿ ಬಿಟ್ಟಳು.

"ಉಲಾಯಿ ಬಲೆ," ಎಂದಳು. ಒಳಗೆ ಬನ್ನಿ.

ಅಕ್ಷಿತಾ ಹಣ್ಣಿನ ತಟ್ಟೆ ಹಿಡಿದು ಬಂದಾಗ ಬಾಗಿಲು ಮುಚ್ಚಿತ್ತು. ತಾಯಿ ಬಂದು ತೆಗೆದಳು. ಮುಖದಲ್ಲಿ ಮಗಳು ಎಂದೂ ಕಾಣದ ಸಮಾಧಾನವಿತ್ತು.

"ಯಾರಾದ್ರೂ ಬಂದ್ರಾ ಅಮ್ಮ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು.

"ಮೆಲ್ಲ ಮಾತಾಡು," ಎಂದಳು ಕುಸುಮ. "ಈಗಷ್ಟೇ ಮಲಗಿದ್ದಾರೆ."