ಒಳಸುತ್ತಿನ ಚಿತ್ರ

ಕಿಟಕಿಗೆ ಕಟ್ಟಿದ ಕಂಬಳಿಯಲ್ಲಿ ಎಲ್ಲೋ ತೂತಿದೆ, ಸೂಜಿಮೊನೆಯಷ್ಟು ಬೆಳಕು ಜೋಳದ ಚೀಲದ ಮೇಲೆ ಬಂದು ಕೂತಿದೆ, ಸವಣೂರಿನ ಮಧ್ಯಾಹ್ನದ ಬಿಸಿಲಿಗೆ ಇಷ್ಟು ಸಂದಿ ಸಾಕು — ಅರಳೆ ಹೊಸೆದು ತುರುಕಿದೆ, ಹೋಯಿತು, ಇನ್ನು ಕೆಂಪು ದೀಪವೊಂದೇ, ಈ ಹಳೆಯ ಫಿಲಮು ಕೆಂಪು ಬೆಳಕಿಗೆ ಕುರುಡು, ಅದಕ್ಕೇ ಬಚಾವಾದೆ, ಈಗಿನವಾದರೆ ಪೂರ್ತಿ ಕತ್ತಲಲ್ಲಿ ತೊಳೆಯಬೇಕು, ಏನು ಮೂಡುತ್ತಿದೆಯೆಂದು ನೋಡುವ ಸುಖವೇ ಇಲ್ಲ. ಮೂರು ತಾಟು ಸಾಲಾಗಿ, ಚಿತ್ರ ಮೂಡಿಸುವ ಡೆವಲಪರು, ನೀರು, ಮೂಡಿದ್ದನ್ನು ಹಿಡಿದು ನಿಲ್ಲಿಸುವ ಹೈಪೋ, ಕಾಳಿನ ಕೋಣೆಯ ಧೂಳಿಗೆ ಈ ಘಾಟು ಸೇರಿದರೆ ನನ್ನ ಹರೆಯ ವಾಪಸು ಬಂದಂತೆ. ಬಾಗಿಲಾಚೆ ಅವ್ವ ಕೆಮ್ಮಿದಳು. ಹೊಸ್ತಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಿದ್ದಾಳೆ, ಬೆಳಿಗ್ಗೆ ದೇವರ ಜಗಲಿಯ ಹಿಂದೆ ಕೈ ಹಾಕಿ ಅರಿವೆಯ ಗಂಟೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಾಗಿನಿಂದ ನನ್ನ ಹಿಂದೆಯೇ ತಿರುಗುತ್ತಿದ್ದಾಳೆ. ತಗೋ ಚನ್ನವೀರಾ, ನಿನ್ನ ರೀಲು, ಹಾಲವ್ವನ ರೀಲು. ಬಾವಿಗೆ ಒಗದೀ ಅಂತ ತಿಳಕೊಂಡಿದ್ನಲ್ಲ ಬೇ ಯವ್ವಾ. ಒಗೀಬೇಕಂತನ ಹೋಗಿದ್ದೆ, ಕೈ ಬರಲಿಲ್ಲ, ಅಕ್ಕ ಇದರಾಗ ಅದಾಳ ಅಂತಿದ್ದೆಲ್ಲೋ ನೀನು. ಕಣ್ಣಿಗೆ ಮಂಜು ಕವಿಯಾಕತ್ತೈತಿ, ಪೂರಾ ಕತ್ತಲಾಗೂದ್ರಾಗ ಆಕಿ ಮಾರಿ ಒಮ್ಮೆ ತೋರಸು. ಆಯ್ತು ಎಂದುಬಿಟ್ಟೆ. ಯಾವ ಧೈರ್ಯದಲ್ಲಿ ಎಂದೆನೋ, ಐವತ್ತೆಂಟರ ಬೇಸಿಗೆಯಲ್ಲಿ ತೆಗೆದದ್ದು, ಈಗ ಅರವತ್ತೇಳು, ಫಿಲಮಿಗೆ ಸುತ್ತಿದ ಕಾಗದದ ಅಂಚು ಉಬ್ಬಿದೆ, ಸುತ್ತು ಸಡಿಲಾಗಿದೆ, ಅರಿವೆಯೊಳಗೂ ನುಸುಳಿದ ಬೆಳಕನ್ನು ಇಷ್ಟು ವರ್ಷ ಎಷ್ಟು ಕುಡಿದಿದೆಯೋ.

ಎರಡೂ ತುದಿ ಹಿಡಿದು ತಾಟಿನಲ್ಲಿ ಫಿಲಮನ್ನು ಮೇಲೆ ಕೆಳಗೆ ಆಡಿಸುತ್ತೇನೆ, ಜೋಕಾಲಿಯಂತೆ — ಶಿಗ್ಗಾವಿಯ ಜಮಾಲಸಾಬ ಕಲಿಸಿದ್ದು, ನನ್ನಂತೆಯೇ ಹುಚ್ಚು ಹತ್ತಿದವನು, ಸೈಕಲ್ ಅಂಗಡಿಯ ಹಿಂದೆ ಇಂಥದೇ ಕೋಣೆ ಮಾಡಿಕೊಂಡಿದ್ದ, ಸಾವಕಾಶ ಆಡಸ್ರಿ ಸಾವಕಾರ್ರ, ಕೂಸು ಮಲಗಿಸಿದಂಗ ಆಡಸ್ರಿ. ಎಂಥ ದಿನಗಳು. ಕರಿ ಡಬ್ಬಿ ಕ್ಯಾಮೆರಾ ಹೊಟ್ಟೆಗೆ ಒತ್ತಿ ಹಿಡಿದು ಮೇಲಿನ ಚಿಕ್ಕ ಗಾಜಿನೊಳಗೆ ಬಗ್ಗಿ ನೋಡಿದರೆ ಊರೆಲ್ಲ ಎಡಬಲ ತಿರುಗಿ, ಎಡಕ್ಕೆ ಹೋಗುವ ಚಕ್ಕಡಿ ಬಲಕ್ಕೆ ಹೋಗಿ, ಹೆಬ್ಬೆಟ್ಟಿನಷ್ಟಾಗಿ ಹೊಳೆಯುತ್ತಿತ್ತು, ಉಸಿರು ಕಟ್ಟಿ ಗುಂಡಿ ಒತ್ತಿದರೆ ಟಿಕ್ ಎಂಬ ಹಲ್ಲಿಯ ಸದ್ದು, ಅಷ್ಟೇ, ಒಂದು ರೀಲಿಗೆ ಎಂಟೇ ಚಿತ್ರ, ಹುಬ್ಬಳ್ಳಿಯಿಂದ ಮತ್ತೊಂದು ರೀಲು ಬರುವತನಕ ಬರಿಗಣ್ಣಿನಿಂದಲೇ ಚಿತ್ರ ತೆಗೆಯುತ್ತ ತಿರುಗಬೇಕು. ಕೆಟ್ಟವೆಷ್ಟು! ಹಾನಗಲ್ಲಿನ ಸಂತೆಯಲ್ಲಿ ದಿನವಿಡೀ ಕಾದು ತೆಗೆದ ರೀಲನ್ನು ತೊಳೆದರೆ ಗಾಜಿನಂತೆ ಖಾಲಿ, ಶಟರು ತೆರೆದೇ ಇರಲಿಲ್ಲ, ಆ ಸಂಜೆ ಊಟ ಸೇರಲಿಲ್ಲ. ರಟ್ಟೀಹಳ್ಳಿಯಲ್ಲಿ ಕದಂಬೇಶ್ವರನ ಗುಡಿ ತೆಗೆದು, ಫಿಲಮು ಮುಂದೆ ಸರಿಸುವ ಕೀಲಿ ತಿರುಗಿಸಲು ಮರೆತು, ಅದರ ಮೇಲೆಯೇ ಹಿರೇಕೆರೂರಿನ ಕರಬಸಪ್ಪ ಮಾವನನ್ನು ತೆಗೆದೆ, ಗುಡಿಯ ಶಿಖರ ಮಾವನ ರುಮಾಲಿನಿಂದ ಎದ್ದು ನಿಂತಿತ್ತು, ಮಾವ ಅದನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದ, ನೋಡ್ರಿ, ದೇವರು ನನ್ನ ತಲೀ ಮ್ಯಾಗ ಕುಂತಾನ. ನಕ್ಕರೆ ಕೈ ಅಲುಗುತ್ತದೆ, ನಗಬಾರದು.

ಅಕ್ಕ ಮಾತ್ರ ಸಿಗುತ್ತಿರಲಿಲ್ಲ. ಕ್ಯಾಮೆರಾ ನನ್ನ ಕೈಗೆ ಬರುವ ಮೊದಲೇ ಅವಳನ್ನು ತಿಳವಳ್ಳಿಗೆ ಕೊಟ್ಟಾಗಿತ್ತು, ತವರಿಗೆ ಬಂದರೆ ಡಬ್ಬಿ ಕಂಡೊಡನೆ ಅಡುಗೆಮನೆಗೆ ಓಡುತ್ತಿದ್ದಳು, ಆ ಬೇಸಿಗೆ ಅದೇನಾಯಿತೋ ತಾನೇ ಕೇಳಿದಳು, ನಡಿಯೋ ತಮ್ಮಾ, ದೊಡ್ಡಹುಣಸಿ ಗಿಡಕ್ಕ ಹೋಗೂಣು, ನಂದೊಂದು ಚಿತ್ರಾ ತಗಿ. ರೊಟ್ಟಿ ಕಟ್ಟಿಕೊಂಡು ಇಬ್ಬರೇ ಹೋದೆವು, ಬಿಸಿಲು ಇನ್ನೂ ಎಳೆಯದು, ಆನೆಗಾತ್ರದ ಆ ಬೊಡ್ಡೆಗಳಿಗೆ ಒರಗಿ ನಿಂತಳು, ಬೇರಿನ ಮೇಲೆ ಕೂತಳು, ಬುತ್ತಿ ಬಿಚ್ಚುತ್ತ ನನ್ನ ಕಡೆ ನೋಡಿದಳು, ಬಾಯಿ ಮುಚ್ಚಿಕೊಂಡು ನಕ್ಕಳು, ಎಲ್ಲವೂ ಸಿಕ್ಕಿತು ಅಂದುಕೊಂಡೆ. ಸಾವಕಾಶ ತೊಳೆದರಾಯಿತೆಂದು ಇಟ್ಟೆ. ಮಳೆಗಾಲ ಹಿಡಿದಾಗ ಅಲ್ಲಿ ಅಕ್ಕನಿಗೆ ಜ್ವರ ಬಂತಂತೆ, ಹೊಳೆ ತುಂಬಿ ಬಸ್ಸು ನಿಂತಿತ್ತು, ನಾವು ತಿಳವಳ್ಳಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು, ಅವ್ವ ಮಗಳ ಮುಖ ನೋಡಲಿಲ್ಲ, ಹಸಿ ಮಣ್ಣಿನ ಮೇಲೆ ಕೈಯಾಡಿಸಿ ಎದ್ದು ಬಂದಳು. ಮನೆಗೆ ಬಂದವಳೇ ನನ್ನ ಮೇಜಿನಿಂದ ರೀಲು ಎತ್ತಿಕೊಂಡಳು, ನಿನ್ನ ಕರೇ ಡಬ್ಬಿ ನುಂಗಿತೋ ನನ್ನ ಮಗಳ್ನ. ಅಕ್ಕ ಇದರಾಗ ಅದಾಳ ಬೇ ಎಂದಷ್ಟೇ ಅಂದೆ, ಅವಳು ಬಾವಿಯ ಕಡೆ ನಡೆದಳು. ಆಮೇಲೆ ಎಷ್ಟೋ ಬೇಸಿಗೆ ಕ್ಯಾಮೆರಾ ಮುಟ್ಟಲಿಲ್ಲ.

ಕಪ್ಪಾಗುತ್ತಿದೆ. ಹೊರಸುತ್ತಿನ ತುದಿಯಿಂದ ಕಪ್ಪು ಹರಿದು ಬರುತ್ತಿದೆ, ಬೆಳಕು ತಿಂದಲ್ಲೆಲ್ಲ ಕಪ್ಪು, ನಗು ಹೋಯಿತು, ಬುತ್ತಿ ಹೋಯಿತು, ಬೇರು, ಬೊಡ್ಡೆ — ನಿಲ್ಲು, ನಿಲ್ಲೇ ಮಾರಾಯ್ತಿ, ಯಾರಿಗೆ ಹೇಳುತ್ತಿದ್ದೇನೆ, ಮಸಿ ಬಳಿದಂತೆ ಒಂದೊಂದೇ ಮುಚ್ಚಿತು, ಒಳಸುತ್ತಿನಲ್ಲಿ ಒಂದು, ಮೊಟ್ಟಮೊದಲನೆಯದು, ಉಳಿಯಿತು. ಬೇಗ ನೀರಿಗೆ, ಹೈಪೋಗೆ. ದೀಪಕ್ಕೆ ಹಿಡಿದೆ. ಯಾರೋ ನಿಂತಿದ್ದಾರೆ, ಅಕ್ಕನಲ್ಲ, ಕರಿ ಮುಖ, ಬಿಳಿ ಕೂದಲು, ಫಿಲಮಿನಲ್ಲಿ ಎಲ್ಲ ತಿರುವುಮುರುವು, ಬಿಳಿಯದು ಕಪ್ಪು, ಕಪ್ಪಾದದ್ದು ಬಿಳಿ, ಕೈಯಲ್ಲಿ ಬುತ್ತಿಯ ಗಂಟು — ನಾನು. ಇದನ್ನು ನಾನು ತೆಗೆದಿಲ್ಲ. ಕೊಡಿಲ್ಲೆ ತಮ್ಮಾ, ಎಲ್ಲಾರ ಚಿತ್ರಾ ತಗೀತಿ, ನಿಂದ್ಯಾರ ತಗೀತಾರ — ಹೌದಲ್ಲ, ಅಕ್ಕನೇ ಡಬ್ಬಿ ಕಿತ್ತುಕೊಂಡಿದ್ದಳು, ಬಿಸಿಲು ಬೆನ್ನಿಗೆ ಇರಲಕ್ಕಾ ಎಂದಿದ್ದೆ, ಹಾಗೇ ನಿಂತಿದ್ದಾಳೆ, ಬಿಸಿಲು ಅವಳ ಬೆನ್ನಿಗೆ, ನೆರಳು ಮುಂದಕ್ಕೆ, ಉದ್ದಕ್ಕೆ ಚಾಚಿ ನನ್ನ ಕಾಲಿನತನಕ, ಹೊಟ್ಟೆಗೆ ಒತ್ತಿದ ಡಬ್ಬಿ, ಅಗಲಿಸಿದ ಮೊಣಕೈ, ನೆಲವೆಲ್ಲ ಕಪ್ಪಾಗಿ ನೆರಳೊಂದೇ ಬೆಳ್ಳಗೆ.

ಬಂತೇನೋ ಚನ್ನವೀರಾ. ಬಾಗಿಲಾಚೆಯಿಂದ ಅವ್ವ. ಬಾಗಿಲು ತೆಗೆದೆ, ಬಿಸಿಲು ಮುಖಕ್ಕೆ ಹೊಡೆಯಿತು, ನೀರು ತೊಟ್ಟಿಕ್ಕುವ ಫಿಲಮನ್ನು ಅಂಗಳದಲ್ಲಿ ಮುಗಿಲಿಗೆ ಹಿಡಿದೆ, ಅವ್ವ ಎದ್ದು ಬಂದಳು, ಮೂಗು ತಾಗುವಷ್ಟು ಹತ್ತಿರ. ಕರ್ರಗ ನಿಂತಾಂವ ಯಾರು? ನಾನು ಬೇ. ಈ ಬೆಳ್ಳಗ ಬಿದ್ದದ್ದು? ಅಕ್ಕನ ನೆಳ್ಳು, ಮಾರಿ ಬರಲಿಲ್ಲ ಬೇ, ಉಳಿದದ್ದೆಲ್ಲಾ ಕೆಟ್ಟುಹೋತು. ಅವ್ವ ನನ್ನ ಮಣಿಕಟ್ಟು ಹಿಡಿದು ಇನ್ನಷ್ಟು ಮೇಲಕ್ಕೆ ಎತ್ತಿಸಿದಳು, ಬಿಸಿಲಿಗೆ ನೇರ, ಮಂಜು ಕವಿದ ಕಣ್ಣುಗಳು ಕಿರಿದಾದವು, ಆಮೇಲೆ ಅವಳ ಉಸಿರು ನಗುವಿನ ಹಾಗೆ ಒಡೆಯಿತು. ಸೆರಗು ನೋಡು ಆಕೀದು, ಗಾಳಿಗೆ ಬಿಟ್ಟಾಳ, ಸಿಗಸ್ಕೋ ಅಂದ್ರ ಎಂದ್ ಸಿಗಸ್ಕೊಂಡಾಳ ಆಕಿ. ಕಾಗದಕ್ಕ ಹಚ್ಚಿದ್ರ ಹಿಂಗ ಬರ್ತೈತೇನು? ಇಲ್ಲ ಬೇ, ಕಾಗದದಾಗ ನೆಳ್ಳು ತಿರಗಿ ಕರ್ರಗ ಬರ್ತೈತಿ. ಹಂಗಾರ ಹಚ್ಚಬ್ಯಾಡ. ಹಚ್ಚುವುದಿಲ್ಲ ಎಂದೆ, ತೋಳು ಸೋಲುತ್ತಿದೆ, ಇಳಿಸಲಾರೆ, ಅವ್ವ ಇನ್ನೂ ನೋಡುತ್ತಿದ್ದಾಳೆ, ಹಾರುವ ಸೆರಗು, ಅಗಲಿಸಿದ ಮೊಣಕೈ, ಕರಿ ನೆಲದ ಮೇಲೆ ಅಷ್ಟುದ್ದ ಬೆಳ್ಳಗೆ ಅಕ್ಕ, ನನ್ನ ಕಾಲಿನತನಕ, ಬೆಳ್ಳಗೆ, ನನ್ನ ಕಾಲಿನತನಕ —