ಮೊದಲು ನನಗೆ ಚುಚ್ಚಿ

ಶುಕ್ರವಾರ ನನ್ನ ಬಲತೋಳಿಗೆ ಬರೆ ಹಾಕಿಸುವುದೆಂದು ನನ್ನ ಅತ್ತೆ ಅಮ್ಮಾಜಮ್ಮ ತೀರ್ಮಾನ ಮಾಡಿದ್ದರು. ಅಂಬಾಜಿದುರ್ಗದ ಕಡೆಯ ಕೋನಪ್ಪ ಬರುತ್ತಾನೆ, ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ ಮೂರು ಕಡೆ ಇಡುತ್ತಾನೆ, ಹಿಡಿದುಕೊಂಡ ಭುಜ ಬಿಡುತ್ತದೆ. ಇಷ್ಟು ಹೇಳಿ ಅವರು ರೇಷ್ಮೆಗೂಡು ಬೇಯಿಸಲು ಎದ್ದು ಹೋದರು. ನನ್ನನ್ನು ಯಾರೂ ಕೇಳಲಿಲ್ಲ.

ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಬಲತೋಳು ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ಮಗುವನ್ನು ಯಾರಾದರೂ ತಂದು ಮಡಿಲಿಗೆ ಹಾಕಬೇಕು, ಹಾಲು ಕುಡಿದ ಮೇಲೆ ಯಾರಾದರೂ ಎತ್ತಿಕೊಂಡು ಹೋಗಬೇಕು. ಹೆತ್ತವಳು ನಾನು, ಎತ್ತಿ ಆಡಿಸುವವರು ಊರವರು. ಹೊಟ್ಟೆ ಉರಿಯುತ್ತಿತ್ತು.

ಅತ್ತೆಯ ಮೇಲೂ ಸಿಟ್ಟಿತ್ತು. ಬಾಣಂತಿಗೆ ಕೊಡುವ ಯಾವ ಮದ್ದನ್ನೂ ಅತ್ತೆಯಾದವಳು ಮೊದಲು ತಾನು ಸೇವಿಸಿ ನೋಡಬೇಕು, ಅದು ನಮ್ಮ ಮನೆಯ ರೂಢಿ. ಮೆಣಸಿನ ಕಷಾಯವಿರಲಿ, ಡಾಕ್ಟರ ಮಾತ್ರೆಯಿರಲಿ, ಮೊದಲ ಪಾಲು ಅವರದು. ನನಗೆ ಅದು ಬರೀ ದರ್ಪವಾಗಿ ಕಾಣುತ್ತಿತ್ತು.

ಅರವತ್ತನಾಲ್ಕನೇ ಇಸವಿ. ಶಿಡ್ಲಘಟ್ಟದಲ್ಲಿ ವೆಂಕಟರವಣಪ್ಪ ಡಾಕ್ಟರು ಕಲ್ಕತ್ತೆಗೆ ಹೋಗಿ ಹೊಸ ವಿದ್ಯೆ ಕಲಿತು ಬಂದಿದ್ದರು. ಕೂದಲಿನಷ್ಟು ಸಣ್ಣ ಸೂಜಿಗಳನ್ನು ಮೈಗೆ ಚುಚ್ಚಿ ಅರ್ಧ ಗಂಟೆ ಹಾಗೇ ಬಿಡುವುದು. ಅಕ್ಯುಪಂಕ್ಚರ್ ಅಂತೆ. ಇಂಜೆಕ್ಷನ್ ಎಂದರೆ ತೋಳು ಚಾಚಿಕೊಂಡು ಓಡಿ ಬರುವ ನಮ್ಮ ಜನ, ಸೂಜಿಯೊಳಗೆ ಮದ್ದಿಲ್ಲ ಎಂದ ಕೂಡಲೇ ಎದ್ದು ಹೊರಡುತ್ತಿದ್ದರು. ನಿಂಬೆಹಣ್ಣಿಗೆ ಸೂಜಿ ಚುಚ್ಚಿ ಮಾಟ ಮಾಡುವುದನ್ನು ಕಂಡವರಿಗೆ, ಮೈಮೇಲೆ ನಿಂತ ಸೂಜಿ ಬೇರೆ ಏನಾಗಿ ಕಾಣಬೇಕು? ನನಗೂ ಭಯವೇ. ಆದರೆ ಕುಡುಗೋಲಿನ ಭಯ ಅದಕ್ಕಿಂತ ದೊಡ್ಡದು. ಅತ್ತೆ ಹಿಂದೆಯೇ ಚುಚ್ಚಿಸಿಕೊಂಡು ನೋಡಿದ್ದ ಇಂಜೆಕ್ಷನ್ನೇ ಎಂದು ಮನೆಯಲ್ಲಿ ಸುಳ್ಳು ಹೇಳಿ ಮಂಗಳವಾರ ಹೋದೆ, ಬುಧವಾರವೂ ಹೋದೆ. ಬುಧವಾರ ಸಂಜೆ ಕೈ ಎದೆಯ ಮಟ್ಟಕ್ಕೆ ಎದ್ದಿತು. ಯಾರಿಗೂ ಹೇಳಲಿಲ್ಲ.

ಗುರುವಾರ ಐದು ಸೂಜಿ ಚುಚ್ಚಿಸಿಕೊಂಡು ಕೂತಿದ್ದೆ. ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅತ್ತೆ ಒಳಗೆ ಬಂದರು. ಹಾಲಿಗಾಗಿ ನನ್ನನ್ನು ಹುಡುಕಿಕೊಂಡು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ದೇವುಡಾ! ಏನಪ್ಪಾ ಡಾಕ್ಟ್ರೇ ಇದು? ನನ್ ಸೊಸೇನ ನಿಂಬೆಹಣ್ಣು ಅಂದ್ಕೊಂಡ್ರಾ?"

"ಅಮ್ಮಾ, ಮುಟ್ಬೇಡಿ. ಕೂತ್ಕೊಳ್ಳಿ, ಹೇಳ್ತೀನಿ."

"ಮದ್ದೆಲ್ಲಿ?"

"ಮದ್ದಿಲ್ಲಮ್ಮ. ಸೂಜಿನೇ ಮದ್ದು."

ಅತ್ತೆ ನನ್ನ ಕಡೆ ತಿರುಗಿದರು. "ಇಂಜೆಕ್ಷನ್ ಅಂದ್ಯಲ್ಲೇ?"

ಡಾಕ್ಟರು ತಡೆಯುವಷ್ಟರಲ್ಲಿ ಅತ್ತೆ ಒಂದು ಸೂಜಿ ಕಿತ್ತೇಬಿಟ್ಟರು. ರಕ್ತ ಚಿಮ್ಮುತ್ತದೆಂದು ಮೂವರೂ ತೋಳನ್ನೇ ನೋಡಿದೆವು. ಒಂದು ಹನಿಯೂ ಬರಲಿಲ್ಲ. ನಲವತ್ತು ವರ್ಷ ಬಿಸಿನೀರಿನಲ್ಲಿ ರೇಷ್ಮೆ ಎಳೆ ಹುಡುಕಿದ ಬೆರಳುಗಳಲ್ಲಿ ಅತ್ತೆ ಆ ಸೂಜಿಯನ್ನು ಹೊರಳಿಸಿ ನೋಡಿದರು. ಅವರ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆ ಹೊರಳಿತು.

"ಬಾಣಂತಿ ಮೈಗೆ ಏನು ಹೋದ್ರೂ ಮೊದ್ಲು ನನ್ ಮೈಗೆ ಹೋಗ್ಬೇಕು. ನನ್ನ ದಾಟ್ಕೊಂಡು ಹೆಂಗೇ ಬಂದೆ?"

ಮಗುವನ್ನು ನನ್ನ ಮಡಿಲಲ್ಲಿ ಎಡಕ್ಕೆ ಹಾಕಿ, ಸ್ಟೂಲಿನ ಮೇಲೆ ಕೂತು, ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದರು. "ಚುಚ್ಚಪ್ಪಾ. ಮೊದ್ಲು ನನ್ಗೆ ಚುಚ್ಚು."

ಡಾಕ್ಟರು ಡಬ್ಬಿಯಿಂದ ಬೇರೆ ಸೂಜಿ ತೆಗೆದುಕೊಂಡರು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಇನ್ನೊಂದು ಕೈಯಲ್ಲಿ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹೆಂಗಸಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದರು. "ಯಾವಾಗ ಚುಚ್ತೀಯ?"

"ಚುಚ್ಚಿ ಆಯ್ತಮ್ಮ."

"ಇಷ್ಟೇನಾ?"

"ಇಷ್ಟೇ."

ಅತ್ತೆ ಹೆಬ್ಬೆರಳ ಬುಡದಲ್ಲಿ ನಿಂತಿದ್ದ ಸೂಜಿಯನ್ನು ನೋಡುತ್ತಾ ಕೂತರು. ಡಾಕ್ಟರು ನನ್ನ ತೋಳಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಮುಗಿಸಿದಾಗ ನೋಡುತ್ತೇನೆ, ಅತ್ತೆಯ ಕೆನ್ನೆಯ ಮೇಲೆ ನೀರು ಹರಿಯುತ್ತಿದೆ.

"ನೋಯ್ತದಾ ಅತ್ತೆಮ್ಮ?"

"ಇಲ್ಲ ಕಣೇ. ಕೋನಪ್ಪನ್ಗೆ ಬರಬೇಡ ಅಂತ ಹೇಳಿ ಕಳ್ಸಣ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾಳೆ ಆ ಬರೆನೂ ಮೊದ್ಲು ನನ್ ತೋಳಿಗೇ ತಾನೇ ಇಡಿಸ್ಕೋಬೇಕಿತ್ತು. ನಾಲ್ಕು ದಿನದಿಂದ ಮುದ್ದೆ ಗಂಟ್ಲಲ್ಲಿ ಇಳೀತಿಲ್ಲ ನನ್ಗೆ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವರ ಕಣ್ಣು ಒರೆಸೋಣವೆಂದು ಬಲಗೈ ಎತ್ತಿದೆ. ಎದೆಯವರೆಗೆ ಬಂತು, ಇನ್ನೂ ಒಂದು ಗೇಣು ಮೇಲೆ ಬಂತು, ಅಲ್ಲೇ ನಿಂತುಬಿಟ್ಟಿತು. ಕೆನ್ನೆ ಮುಟ್ಟಲಿಲ್ಲ.

ಅತ್ತೆ ಅದನ್ನು ನೋಡಿದರು. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸದೆ, ನನ್ನ ಕೈಗೆ ಎಟಕುವಷ್ಟು ತಲೆ ಬಗ್ಗಿಸಿದರು.